ದಣಿದಿದ್ದೀರಿ, ಕಲ್ಲಾಗಿಲ್ಲ

ಪ್ರಶ್ನೆ: ನಮ್ಮದು ಬದಿಯಡ್ಕ ಸಮೀಪದ ಹಳ್ಳಿ. ಅಡಿಕೆ ತೋಟ, ಎರಡು ದನ. ಮನೆಯಲ್ಲಿ ಅತ್ತೆ, ಇವರು, ಪ್ಲಸ್ ಟು ಓದುವ ಮಗಳು ಮತ್ತು ನಾನು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹನ್ನೊಂದು ವರ್ಷದ ಹಿಂದೆ ಅವನು ಶಾಲೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕಿದ ಮರಿಯೊಂದನ್ನು ಚೀಲದೊಳಗೆ ಹಾಕಿಕೊಂಡು ತಂದಿದ್ದ. ಅವನೇ ನಮ್ಮ ಕರಿಯ. ಜಾತಿ ನಾಯಿ ಏನಲ್ಲ, ಊರ ನಾಯಿ. ತೋಟಕ್ಕೆ ಹಂದಿ ಬಂದರೆ, ಮಂಗ ಬಂದರೆ ಮೊದಲು ಓಡುತ್ತಿದ್ದವನು ಅವನು.

ವಿಷುವಿನ ಹೊತ್ತಿಗೇ ಅವನು ತುಂಬ ನೀರು ಕುಡಿಯತೊಡಗಿದ್ದ. ಸೆಖೆಗೆ ಇರಬೇಕು ಎಂದುಕೊಂಡೆವು. ಮಳೆ ಹಿಡಿದ ಮೇಲೆ ಊಟ ಬಿಟ್ಟ, ವಾಂತಿ ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಹೋಗಿದೆ ಎಂದರು. ಡಾಕ್ಟರರು ಒಳ್ಳೆಯವರೇ. ಆದರೆ ಅವರು ಮಲಯಾಳದಲ್ಲಿ ಬೇಗ ಬೇಗ ಹೇಳಿದ್ದು ನನಗೆ ಅರ್ಧವೂ ತಿಳಿಯಲಿಲ್ಲ. ರಿಕ್ಷಾದಲ್ಲಿ ಕೊಂಡುಹೋಗಿ ಡ್ರಿಪ್ ಹಾಕಿಸುವುದು, ಮಾತ್ರೆ ನುಂಗಿಸುವುದು, ರಾತ್ರಿ ಎದ್ದೆದ್ದು ಜಗಲಿ ಒರೆಸುವುದು ಎಲ್ಲ ನನ್ನ ಪಾಲಿಗೆ. ಇವರು "ದನಕ್ಕೂ ಇಷ್ಟು ಖರ್ಚು ಮಾಡಿದ್ದಿಲ್ಲ" ಎನ್ನುತ್ತಾರೆ. ಮಗ ದಿನಾ ವಿಡಿಯೋ ಕಾಲ್ ಮಾಡಿ, "ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕೊಂಡುಹೋಗಿ, ದುಡ್ಡು ನಾನು ಹಾಕ್ತೇನೆ" ಎಂದು ಜೋರು ಮಾಡುತ್ತಾನೆ. ಅತ್ತೆಗೆ ಮಡಿ; ನಾಯಿ ಜಗಲಿ ದಾಟಿ ಒಳಗೆ ಬರುವಂತಿಲ್ಲ. ಹಾಗೆಂದು ನನ್ನ ಕಣ್ಣು ತಪ್ಪಿಸಿ ಅವನಿಗೆ ಹಪ್ಪಳ, ಹಾಲು ಹಾಕುವವರೂ ಅವರೇ. "ನಾಯಿಗೂ ಡ್ರಿಪ್ಪಾ?" ಎಂದು ನೆರೆಕರೆಯವರು ನಗುತ್ತಾರೆ.

ಹೇಳಲು ನಾಚಿಕೆಯಾಗುತ್ತದೆ. ಒಮ್ಮೊಮ್ಮೆ ನಡುರಾತ್ರಿ, ಇದೊಮ್ಮೆ ಮುಗಿದರೆ ಸಾಕಪ್ಪಾ ಅನಿಸಿಬಿಡುತ್ತದೆ. ಬೆಳಗ್ಗೆ ಅವನು ಬಾಲ ಆಡಿಸಿದರೆ ಮುಖ ನೋಡಲಾಗುವುದಿಲ್ಲ. ಮದ್ದು ಮುಂದುವರಿಸಬೇಕೇ? ಇಂಜೆಕ್ಷನ್ ಕೊಟ್ಟು ಕಳಿಸುವುದು ಪಾಪವೇ? ನನ್ನ ಮನಸ್ಸು ಇಷ್ಟು ಕಲ್ಲಾದದ್ದು ಯಾವಾಗ?
— ಹೆಸರು ಬೇಡ, ಬದಿಯಡ್ಕ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಎದೆಯ ಮೇಲೆ ಕೂತಿರುವಷ್ಟು ಹೊತ್ತು ಉಳಿದ ಮಾತು ಯಾವುದೂ ನಿಮ್ಮ ಕಿವಿಗೆ ಇಳಿಯಲಾರದು.

"ಮುಗಿದರೆ ಸಾಕು" ಎಂದು ನಡುರಾತ್ರಿ ಹೇಳುವುದು ನಿಮ್ಮ ನಿದ್ದೆಗೆಟ್ಟ ಮೈ. ನಿಮ್ಮ ಮನಸ್ಸು ಹೇಳುವುದನ್ನು ನೋಡಬೇಕಾದರೆ ನಿಮ್ಮ ಕೈ ಏನು ಮಾಡುತ್ತಿದೆ ಎಂದು ನೋಡಿ: ಹಾಗೆ ಅನಿಸಿದ ಮೇಲೂ ಅದು ಜಗಲಿ ಒರೆಸಿದೆ, ಕರಿಯನ ಗೋಣಿ ಬದಲಿಸಿದೆ. ವರ್ಷಗಟ್ಟಲೆ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡ ಯಾವ ಮನೆಯ ಸೊಸೆಯನ್ನಾದರೂ ನಂಬಿಕೆಯಿಂದ ಕೂರಿಸಿ ಕೇಳಿ. ಈ ಯೋಚನೆ ಅವರಿಗೂ ಬಂದದ್ದಿದೆ. ನಾಯಿಯ ವಿಷಯದಲ್ಲೂ ಹೀಗೆಯೇ. 2017ರಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮೇರಿ ಬೆತ್ ಸ್ಪಿಟ್ಸ್‌ನೇಗಲ್ ಮತ್ತು ಸಂಗಡಿಗರು, ದೀರ್ಘ ಕಾಯಿಲೆಯ ಸಾಕುಪ್ರಾಣಿಗಳನ್ನು ನೋಡಿಕೊಳ್ಳುವವರನ್ನೂ ಆರೋಗ್ಯವಾಗಿರುವ ಪ್ರಾಣಿಗಳನ್ನು ಸಾಕಿದವರನ್ನೂ ಹೋಲಿಸಿ ನೋಡಿದ್ದರು. ಮೊದಲಿನವರಲ್ಲಿ ಹೊರೆಯ ಭಾವ, ಒತ್ತಡ, ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡವು. ಇದು ಶುಶ್ರೂಷೆಯೊಂದಿಗೆ ಬರುವ ಆಯಾಸ, ಸ್ವಭಾವದ ದೋಷವಲ್ಲ.

ಇನ್ನೊಂದು ಭಾರವನ್ನೂ ನೀವು ಹೊತ್ತಿದ್ದೀರಿ. ವಿಷುವಿಗೇ ಗೊತ್ತಾಗಬೇಕಿತ್ತು ಎಂಬ ಕೊರಗು ನಿಮ್ಮ ಕಾಗದದ ಸಾಲುಗಳ ನಡುವೆ ಇದೆ. ಕಿಡ್ನಿ ಮೆಲ್ಲಗೆ ಕೆಡುವ ಕಾಯಿಲೆಯ ಸ್ವಭಾವವೇ ಹಾಗೆ. ಸುಮಾರು ಮೂರನೇ ಎರಡು ಪಾಲು ಶಕ್ತಿ ಕಳೆದುಹೋದ ಮೇಲಷ್ಟೇ ನಾಯಿ ಹೆಚ್ಚು ನೀರು ಕುಡಿಯುವುದು, ಹೆಚ್ಚು ಉಚ್ಚೆ ಹೊಯ್ಯುವುದು ಕಾಣಿಸುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರುವುದು ಅದಕ್ಕೂ ಆಮೇಲೆ. ಏಪ್ರಿಲ್ ತಿಂಗಳ ಕಾಸರಗೋಡಿನ ಸೆಖೆಯಲ್ಲಿ ನಾಯಿ ನೀರು ಕುಡಿದರೆ ಸೆಖೆಯೆಂದೇ ಯಾರಾದರೂ ತಿಳಿಯುತ್ತಾರೆ. ಆ ಲೆಕ್ಕವನ್ನು ಅಲ್ಲಿಗೇ ಮುಚ್ಚಿ.

ಈಗ ಮಾಡಬೇಕಾದ ಮೊದಲ ಕೆಲಸ, ಡಾಕ್ಟರರು ಹೇಳಿದ್ದನ್ನು ಪೂರ್ತಿ ತಿಳಿದುಕೊಳ್ಳುವುದು. ಮಲಯಾಳ ಬಾರದ ನಮ್ಮ ಮನೆಗಳಲ್ಲಿ ಮನುಷ್ಯರ ಕಾಯಿಲೆಯ ಸಂಗತಿಯೇ ಎಷ್ಟೋ ಸಲ ಅರ್ಧಂಬರ್ಧ ತಿಳಿದು ಮನೆಗೆ ಬರುತ್ತದೆ. ನಾಚಿಕೆ ಬೇಡ. ನಿಮ್ಮ ಮಗಳು ಓದುವಾಗ ಮಲಯಾಳ ಕಿವಿಗೆ ಬಿದ್ದೇ ಇರುತ್ತದೆ. ಮುಂದಿನ ಸಲ ಅವಳನ್ನು ಕರೆದುಕೊಂಡು ಹೋಗಿ. ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಬರೆಯಿಸಿಕೊಳ್ಳಿ. ನಾನು ಪಶುವೈದ್ಯಳಲ್ಲ, ಮದ್ದು ಹೇಳಲಾರೆ. ಆದರೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಹೇಳಬಲ್ಲೆ.

ಒಂದು: ಇದು ಹಠಾತ್ತಾಗಿ ಬಂದದ್ದೇ, ಬಹಳ ಕಾಲದಿಂದ ಬೆಳೆದದ್ದೇ? ಹಠಾತ್ತಾಗಿ ಕೆಟ್ಟ ಕಿಡ್ನಿ ಕೆಲವೊಮ್ಮೆ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತದೆ. ಕಾಲದಿಂದ ಕೆಟ್ಟದ್ದು ಹಿಂದಕ್ಕೆ ಬರುವುದಿಲ್ಲ, ಅದರ ವೇಗ ತಗ್ಗಿಸಬಹುದು ಅಷ್ಟೆ. ಎರಡು: ಯಾವ ಹಂತ? ಪಶುವೈದ್ಯರು ನಾಯಿಗಳ ದೀರ್ಘಕಾಲದ ಕಿಡ್ನಿ ಕಾಯಿಲೆಯನ್ನು ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ. ಮೈಯಲ್ಲಿ ನೀರಿನಂಶ ಸರಿಯಿರುವಾಗ ನೋಡಿದರೂ ಕ್ರಿಯಾಟಿನಿನ್ 5ಕ್ಕಿಂತ ಮೇಲಿದ್ದರೆ ಅದು ನಾಲ್ಕನೆಯ, ಅಂದರೆ ಕೊನೆಯ ಹಂತ. ಮೂರು: ಉಣ್ಣಿಯಿಂದ ಬರುವ ಜ್ವರ ಮತ್ತು ಇಲಿ ಜ್ವರ ಎರಡನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ? ಉಣ್ಣಿ ಹರಡುವ ಎರ್ಲಿಕಿಯಾ ಎಂಬ ಸೋಂಕು ಕಾಲಕ್ರಮದಲ್ಲಿ ಕಿಡ್ನಿಗೂ ಪೆಟ್ಟು ಕೊಡಬಲ್ಲದು. ಇಲಿಯ ಉಚ್ಚೆ ಸೇರಿದ ನೀರಿನಿಂದ ಇಲಿ ಜ್ವರ ನಾಯಿಗೂ ಬರುತ್ತದೆ, ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಬರಬಹುದು. ಹಟ್ಟಿ, ತೋಟದ ಕಣಿ, ಮಳೆಗಾಲ ಮೂರೂ ಇರುವ ಮನೆ ನಿಮ್ಮದು. ಆದ್ದರಿಂದ ಫಲಿತಾಂಶ ತಿಳಿಯುವವರೆಗೆ ಜಗಲಿ ಒರೆಸುವಾಗ ಕೈಗವಸು ಹಾಕಿ, ಕಾಲಿನಲ್ಲಿ ಗಾಯವಿದ್ದರೆ ಬರಿಗಾಲಲ್ಲಿ ಮೆಟ್ಟಬೇಡಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಒರೆಸಿ ಒಣಗಿದ ಮೇಲೆ ಅವನನ್ನು ಮಲಗಿಸಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಯಿಯ ಕಾಯಿಲೆಯ ವಿಷಯವನ್ನೂ ಹೇಳಿ.

ನಾಲ್ಕು: ಡ್ರಿಪ್ಪನ್ನು ಮನೆಯಲ್ಲೇ ಕೊಡಬಹುದೇ? ಬೆನ್ನಿನ ಮೇಲಿನ ಸಡಿಲ ಚರ್ಮದ ಅಡಿಗೆ ದ್ರವ ಕೊಡುವ ಕ್ರಮವೊಂದಿದೆ. ಕರಿಯನಿಗೆ ಅದು ಒಪ್ಪುತ್ತದೆ ಎಂದಾದರೆ ಡಾಕ್ಟರರೇ ಕಲಿಸಿಕೊಡುತ್ತಾರೆ. ರಿಕ್ಷಾದ ಕುಲುಕಾಟವೂ ಬಾಡಿಗೆಯೂ ಉಳಿಯುತ್ತದೆ. ಕೇರಳದಲ್ಲಿ ಪಂಚಾಯತಿನ ಮೃಗಾಸ್ಪತ್ರೆ ಕೈಗೆಟಕುವಂತಿದೆ. ರಾತ್ರಿ ಹೊತ್ತು ಕಷ್ಟವಾದರೆ ಪಶುಸಂಗೋಪನೆ ಇಲಾಖೆಯ ಸಂಚಾರಿ ಘಟಕ ನಿಮ್ಮಲ್ಲಿಗೆ ಬರುತ್ತದೆಯೇ ಎಂದು 1962ಕ್ಕೆ ಫೋನು ಮಾಡಿ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಎರಡು ಎಚ್ಚರ. ನೋವು ನೋಡಲಾರದೆ ಮನೆಯಲ್ಲಿರುವ ಮಾತ್ರೆ ಅರೆದು ಕೊಡಬೇಡಿ. ನಮಗೆ ಕೊಡುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಇದ್ದ ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಅಪಾಯವೇ. ಇನ್ನೊಂದು, ಹುಚ್ಚುನಾಯಿ ರೋಗದ ಲಸಿಕೆ. ಮಾತ್ರೆ ನುಂಗಿಸಲು ದಿನವೂ ಅವನ ಬಾಯಿಗೆ ಬೆರಳು ಹಾಕುತ್ತೀರಿ. ಕರಿಯನ ವಾರ್ಷಿಕ ಲಸಿಕೆ ಯಾವಾಗ ಹಾಕಿಸಿದ್ದೆಂದು ಚೀಟಿ ನೋಡಿ. ಬಾಕಿಯಿದ್ದರೆ ಅದನ್ನೂ ಡಾಕ್ಟರರಿಗೆ ಹೇಳಿ. ಅವನ ಹಲ್ಲು ತಾಗಿದರೆ ಅಥವಾ ಜೊಲ್ಲು ಗಾಯಕ್ಕೆ ತಗಲಿದರೆ ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, "ನಮ್ಮದೇ ನಾಯಿ" ಎಂದು ಬಿಡಬೇಡಿ.

ಇನ್ನು ಮನೆಯವರ ವಿಷಯ. ಮಗನ ಪ್ರೀತಿ ವಿಡಿಯೋದಲ್ಲಿದೆ, ಯಜಮಾನರ ಚಿಂತೆ ಖರ್ಚಿನಲ್ಲಿದೆ, ಅತ್ತೆಯ ಕರುಣೆ ಹಪ್ಪಳದಲ್ಲಿದೆ, ಒರೆಸುವ ಬಟ್ಟೆ ಮಾತ್ರ ನಿಮ್ಮ ಕೈಯಲ್ಲಿದೆ. ನಿಮ್ಮನ್ನು ಕುಗ್ಗಿಸಿದ್ದು ಕರಿಯನ ಕಾಯಿಲೆಗಿಂತ ಹೆಚ್ಚಾಗಿ ಈ ಹಂಚಿಕೆ. ಯಾರಿಗೂ ಕರಿಯ ಬೇಡವಾಗಿಲ್ಲ. ಪ್ರತಿಯೊಬ್ಬರೂ ತಮಗೆ ಸುಲಭವಾದ ತುದಿಯನ್ನು ಹಿಡಿದಿದ್ದಾರೆ. ಒಂದು ಸಂಜೆ ಎಲ್ಲರನ್ನೂ ಕೂರಿಸಿ, ಜಗಳವಾಡದೆ, ಕೆಲಸ ಹಂಚಿ.

ಯಜಮಾನರಿಗೆ ತಿಂಗಳಿಗೆ ಇಷ್ಟು ಎಂದು ಖರ್ಚಿನ ಮಿತಿ ಹೇಳಿಬಿಡಿ. ಕೊಳೆರೋಗ, ಮದ್ದು ಬಿಡುವವರ ಸಂಬಳ, ಅಡಿಕೆಯ ಧಾರಣೆ ಎಲ್ಲ ತಲೆಯಲ್ಲಿರುವ ಕೃಷಿಕನಿಗೆ ಕೊನೆಯಿಲ್ಲದ ಖರ್ಚು ಹೆದರಿಕೆ ಹುಟ್ಟಿಸುತ್ತದೆ. ಕೊನೆಯಿರುವ ಖರ್ಚನ್ನು ಅವರು ಒಪ್ಪಿಯಾರು. ಆ ಮಿತಿಯೊಳಗೆ ಮಾಡಿದರೆ ನಿಮ್ಮ ಪ್ರೀತಿಯೇನೂ ಕಡಿಮೆಯಾಗದು. ಮೈಲುತುತ್ತು, ಇಲಿ ಪಾಷಾಣ, ಬಸವನಹುಳಕ್ಕೆ ಇಡುವ ಮದ್ದು ಇವನ್ನೆಲ್ಲ ಎತ್ತರದಲ್ಲಿಡುವ ಜವಾಬ್ದಾರಿಯೂ ಅವರದೇ ಇರಲಿ. ಬೆಳಗಿನ ಮಾತ್ರೆ ಮಗಳಿಗೆ.

ಅತ್ತೆಯೊಂದಿಗೆ ಮಡಿಯ ಚರ್ಚೆಗೆ ಇಳಿಯಬೇಡಿ. ಕರಿಯನಿಗೆ ಒಳಗಿನ ಚಾವಡಿ ಬೇಕಿಲ್ಲ. ಇರಿಚಲು ಬೀಳದ, ಮನೆಯವರ ಓಡಾಟ ಕಾಣುವ ಜಗಲಿಯ ಮೂಲೆ, ಟಾರ್ಪಾಲಿನ ಮರೆ, ಒಣ ಗೋಣಿ ಸಾಕು. ಹಪ್ಪಳದ ಉಪ್ಪು, ಹಾಲಿನಲ್ಲಿರುವ ರಂಜಕ ಈ ಕಾಯಿಲೆಯಲ್ಲಿ ತೊಂದರೆ ಕೊಡುತ್ತವೆ. ಆದರೆ "ಕೊಡಬೇಡಿ" ಎಂದರೆ ಕದ್ದು ಕೊಡುವುದು ಮುಂದುವರಿಯುತ್ತದೆ. ಡಾಕ್ಟರರು ಒಪ್ಪಿದ ಉಪ್ಪಿಲ್ಲದ ಮೆತ್ತಗಿನ ಅನ್ನವನ್ನು ನಾಲ್ಕು ಪಾಲು ಮಾಡಿ, "ಅತ್ತೇ, ಮಧ್ಯಾಹ್ನದ್ದು ನಿಮ್ಮ ಕೈಯಿಂದಲೇ ಆಗಲಿ" ಎಂದು ಒಪ್ಪಿಸಿ. ಉಣಿಸಬೇಕೆಂಬ ಅವರ ಆಸೆಗೆ ದಾರಿ ಸಿಕ್ಕಿದರೆ ಹಪ್ಪಳ ತಾನಾಗಿ ನಿಲ್ಲುತ್ತದೆ. ನೀರಿನ ಪಾತ್ರೆ ಮಾತ್ರ ಯಾವಾಗಲೂ ತುಂಬಿರಲಿ. ರಾತ್ರಿ ಒರೆಸಬೇಕಾಗುತ್ತದೆಂದು ನೀರು ಕಡಿಮೆ ಮಾಡುವಂತಿಲ್ಲ.

ಮಂಗಳೂರಿಗೆ ಹೋಗಬೇಕೇ? ಕಾಯಿಲೆ ಅಂದ ಕೂಡಲೇ ತಲಪಾಡಿ ದಾಟುವುದು ನಮ್ಮ ಜಿಲ್ಲೆಯವರಿಗೆ ಅಭ್ಯಾಸ. ನಿಮ್ಮ ಡಾಕ್ಟರರನ್ನೇ ಕೇಳಿ: ಅಲ್ಲಿ ಹೋದರೆ ಇಲ್ಲಿ ಸಿಗದ ಯಾವುದು ಸಿಗುತ್ತದೆ? ಸ್ಕ್ಯಾನಿಂಗ್, ರಕ್ತದೊತ್ತಡದ ಪರೀಕ್ಷೆ, ಇನ್ನೊಬ್ಬರ ಅಭಿಪ್ರಾಯ ಎಂದಾದರೆ ಒಂದು ಸಲ ಹೋಗಿಬನ್ನಿ. ಅದರಿಂದ ಮಗನ ಮನಸ್ಸಿಗೂ ಸಮಾಧಾನ. ಇಲ್ಲಿ ಕೊಡುವ ಡ್ರಿಪ್ಪನ್ನೇ ಅಲ್ಲಿ ಕೊಡುವುದಾದರೆ ಬಳಲಿದ ನಾಯಿಯನ್ನು ಅಷ್ಟು ದೂರ ಕುಲುಕಿಸಬೇಕಾಗಿಲ್ಲ.

ಮದ್ದು ಎಷ್ಟು ದಿನ ಎಂಬ ಪ್ರಶ್ನೆಗೆ ತಾರೀಕಿನಲ್ಲಿ ಉತ್ತರ ಸಿಗದು. ಕರಿಯನಿಗೆ ತನ್ನ ಕ್ರಿಯಾಟಿನಿನ್ ಎಷ್ಟೆಂದು ಗೊತ್ತಿಲ್ಲ, ಮುಂದಿನ ತಿಂಗಳ ಚಿಂತೆಯೂ ಇಲ್ಲ. ಅವನಿಗಿರುವುದು ಈ ಹೊತ್ತಿನ ದಿನ. ಆ ದಿನ ಅವನಿಗೆ ಹೇಗಿದೆ ಎಂದು ನೋಡುವುದೊಂದೇ ನಮಗಿರುವ ಅಳತೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಇದಕ್ಕೊಂದು ಕ್ರಮ ಮಾಡಿಕೊಟ್ಟರು. ಏಳು ಸಂಗತಿ: ನೋವು ಮತ್ತು ಉಸಿರಾಟ ಹತೋಟಿಯಲ್ಲಿದೆಯೇ, ಹಸಿವೆಯಿದೆಯೇ, ಮೈಯಲ್ಲಿ ನೀರಿನಂಶವಿದೆಯೇ, ಮೈ ಶುಚಿಯಾಗಿಡಲು ಆಗುತ್ತದೆಯೇ, ಖುಷಿಯ ಲಕ್ಷಣವಿದೆಯೇ, ಎದ್ದು ನಡೆಯುತ್ತಾನೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ. ಒಂದೊಂದಕ್ಕೂ 0ರಿಂದ 10ರೊಳಗೆ ಅಂಕ. ಚೆನ್ನಾಗಿದ್ದರೆ 10. ಒಟ್ಟು 35 ದಾಟಿದರೆ ಶುಶ್ರೂಷೆ ಮುಂದುವರಿಸುವುದರಲ್ಲಿ ಅರ್ಥವಿದೆ ಎಂದು ಅವರ ಅಭಿಪ್ರಾಯ.

ಇದನ್ನು ಕರಿಯನ ಬದುಕಿಗೆ ಹೊಂದಿಸಿಕೊಳ್ಳಿ. ಅವನ ಖುಷಿ ಯಾವುದರಲ್ಲಿತ್ತು? ರಿಕ್ಷಾದ ಸದ್ದಿಗೆ ಕಿವಿ ನಿಮಿರುವುದೇ, ತೆಂಗಿನ ಮಡಲು ಬಿದ್ದರೆ ಬೊಗಳುವುದೇ, ಮಗಳ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುವುದೇ? ಅಂಥ ಮೂರನ್ನು ಬರೆದಿಡಿ. ದಿನದ ಕೊನೆಗೆ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಇನ್ನೊಂದು ಗುರುತು ಹಾಕಲಿ. ವಾರಕ್ಕೊಮ್ಮೆ ಅಂಕ ಹಾಕುವಾಗ ಎಲ್ಲರೂ ಬೇರೆ ಬೇರೆ ಹಾಕಿ, ಆಮೇಲೆ ಹೋಲಿಸಿ. ನೋಡಿಕೊಳ್ಳುವವರಿಗೆ ಕಾಣದ್ದು ದೂರದಿಂದ ನೋಡುವವರಿಗೆ ಕಾಣುವುದುಂಟು, ತಿರುಗುಮುರುಗೂ ಉಂಟು. ಆ ಗುರುತುಗಳು ನಡುರಾತ್ರಿಯ ನಿಮ್ಮ ಮಾತಿಗಿಂತ ನಂಬಿಕಸ್ಥ ಸಾಕ್ಷಿ.

ಕೆಟ್ಟ ದಿನಗಳೇ ಸಾಲುಗಟ್ಟಿ, ಮದ್ದಿಗೂ ವಾಂತಿ ನಿಲ್ಲದೆ, ಅವನು ಏಳಲಾರದೆ ಹೋದರೆ ಆಗ ನಿಮ್ಮ ಇಂಜೆಕ್ಷನ್ ಪ್ರಶ್ನೆ ಬರುತ್ತದೆ. ಪಾಪಪುಣ್ಯದ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಈ ಪ್ರಶ್ನೆಯ ಎದುರು ನೀವು ಒಬ್ಬಂಟಿಯಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಕರುವೊಂದು ಗುಣವಾಗದ ನೋವಿನಲ್ಲಿ ಬಿದ್ದಿತ್ತು. ಗಾಂಧೀಜಿ ಆಶ್ರಮದವರೊಂದಿಗೆ ಚರ್ಚಿಸಿ, ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಅದರ ಜೀವ ಬಿಡಿಸಿದರು. ಕರುವನ್ನು ಕೊಂದ ಅಹಿಂಸಾವಾದಿ ಎಂದು ದೇಶದೆಲ್ಲೆಡೆಯಿಂದ ಸಿಟ್ಟಿನ ಕಾಗದಗಳು ಬಂದವು. ಅವರು ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲೇ ಬರೆದು, ಆ ಜೀವದ ನೋವು ಕಳೆಯುವುದಕ್ಕೆಂದು ಮಾಡಿದ್ದನ್ನು ಹಿಂಸೆಯೆನ್ನಲಾಗದು ಎಂದು ವಾದಿಸಿದರು. ಅವರ ಮಾತನ್ನು ನೀವು ಒಪ್ಪಬೇಕೆಂದಿಲ್ಲ. ಅದರೊಳಗಿನ ಪ್ರಶ್ನೆಯನ್ನು ಇಟ್ಟುಕೊಳ್ಳಿ: ಇದು ಯಾರ ಅನುಕೂಲಕ್ಕೆ? ಒರೆಸುವುದು ಸಾಕಾಯಿತೆಂದು ಕಳಿಸುವುದೂ ಸರಿಯಲ್ಲ, ಕಳಿಸಿದೆವೆಂಬ ಅಪವಾದ ಬೇಡವೆಂದು ಅವನನ್ನು ನರಳಿಸುವುದೂ ಸರಿಯಲ್ಲ. ಡಾಕ್ಟರರು "ಇನ್ನು ನೋವು ತಡೆಯಲು ನನ್ನ ಕೈಯಲ್ಲಾಗದು" ಎಂದ ಮೇಲಷ್ಟೇ ಈ ಮಾತು. ಸಾಮಾನ್ಯವಾಗಿ ಮೊದಲು ಮಂಪರಿನ ಮದ್ದು ಕೊಟ್ಟು, ಅರಿವು ತಪ್ಪಿದ ಮೇಲೆ ಅರಿವಳಿಕೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಪಶುವೈದ್ಯರೇ ಮಾಡಬೇಕಾದ ಕೆಲಸ ಅದು. ನಿಮ್ಮ ಮನೆಯವರು ಒಪ್ಪದಿದ್ದರೆ ನೋವು, ವಾಕರಿಕೆಗಳನ್ನಷ್ಟೇ ಕಡಿಮೆ ಮಾಡುತ್ತ ಕೊನೆಯವರೆಗೆ ನೋಡಿಕೊಳ್ಳುವ ದಾರಿಯೂ ಇದೆ. ಅದಕ್ಕೂ ಡಾಕ್ಟರರ ಸಹಾಯ ಬೇಕು.

ಯಾವುದಾದರೂ ಸರಿ, ಮಗಳಿಗೆ ನಿಜ ಹೇಳಿ. "ಡಾಕ್ಟರರ ಹತ್ತಿರ ಬಿಟ್ಟು ಬಂದಿದ್ದೇವೆ" ಎಂಬ ಸುಳ್ಳು ಬೇಡ. ಮಣ್ಣು ಮಾಡುವ ಜಾಗವನ್ನು ಈಗಲೇ ನೋಡಿಡಿ. ಬಾವಿ, ಸುರಂಗ, ತೋಟದ ಕಣಿಗಳಿಂದ ದೂರವಿರಲಿ, ಬೇರೆ ಪ್ರಾಣಿಗಳು ಕೆದಕದಷ್ಟು ಆಳವಿರಲಿ. ಇಂಜೆಕ್ಷನ್ನಿನ ಮದ್ದು ದೇಹದಲ್ಲಿ ಉಳಿದಿರುವುದರಿಂದ ಅದನ್ನು ತಿಂದ ಪ್ರಾಣಿಗೂ ಅಪಾಯವಿದೆ.

ನೆರೆಕರೆಯವರ ನಗುವಿನ ಬಗ್ಗೆ ಒಂದು ಮಾತು. ಕುಂಬಳೆ ಬಳಿಯ ಅನಂತಪುರ ಕ್ಷೇತ್ರದ ಬಬಿಯಾ ಮೊಸಳೆ 2022ರ ಅಕ್ಟೋಬರ್ 9ರ ರಾತ್ರಿ ತೀರಿಕೊಂಡಾಗ ಮರುದಿನ ಎಷ್ಟು ಜನ ಸೇರಿದ್ದರೆಂದು ನಿಮಗೆ ನೆನಪಿರಬಹುದು. ಕಣ್ಣೊರೆಸಿಕೊಂಡವರನ್ನು ಕಂಡು ಯಾರೂ ನಗಲಿಲ್ಲ, ಯಾಕೆಂದರೆ ಆ ದುಃಖಕ್ಕೆ ಊರಿನ ಒಪ್ಪಿಗೆಯಿತ್ತು. ಜಗಲಿಯ ನಾಯಿಗೆ ಅಂಥ ಒಪ್ಪಿಗೆ ಇಲ್ಲ, ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗೆ ಎಷ್ಟೇ ಮರ್ಯಾದೆಯಿದ್ದರೂ. ಹೀಗೆ ಸಮಾಜ ಲೆಕ್ಕಕ್ಕೆ ಹಿಡಿಯದ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದಿದ್ದರು. ಅಂಥ ದುಃಖ ಹಗುರವೇನಲ್ಲ; ಹೇಳಿಕೊಳ್ಳಲಾಗದ್ದರಿಂದ ಇನ್ನಷ್ಟು ಭಾರವಾಗುತ್ತದೆ. ನಕ್ಕವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ನಗದೆ ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ. ಬಹುಶಃ ಅವರು ನಿಮ್ಮ ಅತ್ತೆಯೇ. ಆದರೆ ನಿದ್ದೆ, ಊಟ ವಾರಗಟ್ಟಲೆ ಸರಿಯಾಗದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. 14416 ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಎಲ್ಲಕ್ಕಿಂತ ಮೊದಲು ನಿಮಗೆ ಒಂದು ರಾತ್ರಿಯ ಪೂರ್ತಿ ನಿದ್ದೆಯಾದರೂ ಬೇಕು. ಅದಕ್ಕೊಬ್ಬ ಜನ ಬೆಂಗಳೂರಿನಲ್ಲಿದ್ದಾನೆ. ಈ ಸಲ ವಿಡಿಯೋ ಕಾಲ್ ಬಂದಾಗ ಮಗನಿಗೆ ಹೀಗೆ ಹೇಳಿ: "ದುಡ್ಡು ಆಮೇಲೆ ನೋಡುವ. ಶುಕ್ರವಾರ ರಾತ್ರಿ ಕಣ್ಣೂರಿನ ರೈಲು ಹತ್ತು, ಶನಿವಾರ ಕಾಸರಗೋಡಿನಲ್ಲಿ ಇಳಿ. ಶನಿವಾರ ರಾತ್ರಿ ಜಗಲಿಯಲ್ಲಿ ಮಲಗುವ ಪಾಳಿ ನಿನ್ನದು." ಅವನು ಬರುತ್ತಾನೆ. ಚೀಲದಲ್ಲಿ ಮರಿ ತಂದವನಲ್ಲವೇ, ಒರೆಸುವ ಬಟ್ಟೆಯನ್ನೂ ಸ್ವಲ್ಪ ಹಿಡಿಯಲಿ.